ಗೊದಮೊಟ್ಟೆ ಸಾಕಲು ಕೊಂಡ ಗಾಜಿನ ತೊಟ್ಟಿ

ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ನಿಂತಿದ್ದ ಮಳೆನೀರಿನಿಂದ ಮಕ್ಕಳು ಹಿಡಿದು ತಂದ ಆರು ಗೊದಮೊಟ್ಟೆಗಳಿಗಾಗಿ, ಶಿವಾಜಿನಗರದ ಅಂಗಡಿಯೊಂದರಲ್ಲಿ ಎರಡು ಅಡಿ ಉದ್ದದ ಗಾಜಿನ ತೊಟ್ಟಿಯನ್ನು ಫಿಲ್ಟರ್ ಸಮೇತ 1,800 ರೂಪಾಯಿಗೆ ಕೊಂಡೆವು. ತೊಟ್ಟಿ ಗಟ್ಟಿಯಾಗಿದೆ, ಎಲ್ಲಿಯೂ ಸೋರಿಲ್ಲ. ಫಿಲ್ಟರ್ ಮಾತ್ರ ಈ ಕೆಲಸಕ್ಕೆ ಸಲ್ಲದು. ಅದರ ಸೆಳೆತಕ್ಕೆ ಮೊದಲ ರಾತ್ರಿಯೇ ಒಂದು ಮರಿ ಬಲಿಯಾಯಿತು. ‘ಮೀನಿಗೆ ಏನೂ ಆಗುವುದಿಲ್ಲವಲ್ಲ’ ಎಂದ ಅಂಗಡಿಯವರಿಗೆ, ಗೊದಮೊಟ್ಟೆ ಮೀನಲ್ಲ ಎಂದು ನನ್ನ ಎಂಟು ವರ್ಷದ ಮಗಳೇ ತಿಳಿಸಬೇಕಾಯಿತು.

ಅನಂತರ ಫಿಲ್ಟರನ್ನು ತೆಗೆದಿಟ್ಟು, ಎರಡು ದಿನಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ನೀರು ಬದಲಿಸತೊಡಗಿದೆವು. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಬಳಸಿದೆವು. ಬೇಯಿಸಿದ ಪಾಲಕ್ ಸೊಪ್ಪನ್ನು ಚಿಟಿಕೆಯಷ್ಟೇ ಹಾಕಬೇಕು, ಉಳಿದರೆ ನೀರು ನಾರುತ್ತದೆ.

ತೊಟ್ಟಿಯ ನಿಜವಾದ ಕೊರತೆ ಕಂಡದ್ದು ಹಿಂಗಾಲುಗಳ ಬಳಿಕ ಮುಂಗಾಲುಗಳೂ ಮೂಡಿದಾಗ. ಬಾಲ ಕರಗುವ ಆ ದಿನಗಳಲ್ಲಿ ಮರಿ ಹೆಚ್ಚುಕಡಿಮೆ ಏನನ್ನೂ ತಿನ್ನುವುದಿಲ್ಲ, ಶ್ವಾಸಕೋಶದಿಂದ ಉಸಿರಾಡತೊಡಗುತ್ತದೆ. ಹತ್ತಿ ಕೂರಲು ಒಣ ಜಾಗ ಸಿಗದಿದ್ದರೆ ನೀರಿನಲ್ಲಿಯೇ ಮುಳುಗಿ ಸಾಯಬಹುದು. ಆದರೆ ಈ ತೊಟ್ಟಿಯಲ್ಲಿ ಇಳಿಜಾರೂ ಇಲ್ಲ, ಮುಚ್ಚಳವೂ ಇಲ್ಲ. ಒಂದು ಇಟ್ಟಿಗೆಯನ್ನು ಓರೆಯಾಗಿಟ್ಟು, ನೀರನ್ನು ಎರಡು ಅಂಗುಲಕ್ಕೆ ಇಳಿಸಿ, ಮೇಲೆ ಸೊಳ್ಳೆಪರದೆಯ ತುಂಡನ್ನು ಕಟ್ಟಿದೆವು. ಕಪ್ಪೆಮರಿಗಳಿಗೆ ಸಜೀವ ಹುಳುಗಳೇ ಬೇಕಾದ್ದರಿಂದ ಉಳಿದ ಐದನ್ನೂ ಅದೇ ಸೈಟಿನ ಹುಲ್ಲಿನಲ್ಲಿ ಬಿಟ್ಟೆವು. ಮುಚ್ಚಳಕ್ಕೆ ಅಂಗಡಿಯವರು ಈಗ ಬೇರೆ 350 ರೂಪಾಯಿ ಕೇಳುತ್ತಿದ್ದಾರೆ.