ನೆಲದಡಿ ಎಷ್ಟು ಮೀಟರ್ ಕೊರೆಯಬೇಕು? ಬೆಂಗಳೂರಿನ ಕಲ್ಲಿಗೆ ಮೂರು ಲೆಕ್ಕ

ಎಸಿಯ ಶಾಖವನ್ನು ಗಾಳಿಗೆ ಬಿಡದೆ, ಬೋರ್ ಕೊರೆದು ಯು ಆಕಾರದ ಪೈಪ್ ಇಳಿಸಿ, ಅದರಲ್ಲಿ ಹರಿಯುವ ನೀರಿನ ಮೂಲಕ ನೆಲಕ್ಕೆ ಬಿಡುವ ವ್ಯವಸ್ಥೆಯಲ್ಲಿ ಖರ್ಚೆಲ್ಲ ನಿಂತಿರುವುದು ಎಲ್ಲ ಬೋರ್‌ಗಳ ಒಟ್ಟು ಆಳದ ಮೇಲೆ. ಹತ್ತು ಟನ್, ಅಂದರೆ 35 ಕಿಲೋವ್ಯಾಟ್ ಕೂಲಿಂಗ್ ಬೇಕಾದ ಆಫೀಸೊಂದಕ್ಕೆ ಮೂರು ವಿಧಾನಗಳಲ್ಲಿ ಲೆಕ್ಕ ಹಾಕಿ ನೋಡಿದೆ. ಕಂಪ್ರೆಸರ್ ಶಾಖವೂ ಸೇರಿದರೆ ನೆಲಕ್ಕಿಳಿಯುವುದು ಸುಮಾರು 44 ಕಿಲೋವ್ಯಾಟ್.

‘ಮೀಟರಿಗೆ 50 ವ್ಯಾಟ್’ ಎಂಬ ಸೂತ್ರದಲ್ಲಿ ಒಂದೇ ಭಾಗಾಕಾರ: 880 ಮೀಟರ್. ಈ ಅಂಕಿ ಜರ್ಮನಿಯ ಎಂಜಿನಿಯರ್‌ಗಳ ಸಂಘದ ವಿಡಿಐ 4640 ಮಾರ್ಗಸೂಚಿಯದು, ವರ್ಷಕ್ಕೆ 2,400 ಗಂಟೆ ನೆಲದಿಂದ ಶಾಖ ತೆಗೆದು ಮನೆ ಬೆಚ್ಚಗಿಡುವ ಸಣ್ಣ ವ್ಯವಸ್ಥೆಗಳಿಗೆ ಹೇಳಿದ್ದು. ನಮ್ಮಲ್ಲಿ ಹೀಟಿಂಗ್ ಬೇಕಾಗುವುದೇ ಇಲ್ಲ. ತುಂಬಿದ ಶಾಖವನ್ನು ಯಾವ ಡಿಸೆಂಬರೂ ವಾಪಸ್ ತೆಗೆಯುವುದಿಲ್ಲ. ಇಲ್ಲಿ ಈ ಸೂತ್ರವನ್ನು ಬಳಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ಅಮೆರಿಕದ ಎಸಿ-ಹೀಟಿಂಗ್ ಎಂಜಿನಿಯರ್‌ಗಳ ಸಂಘ ಆಶ್ರೇಯ (ASHRAE) ಸಮೀಕರಣ. ಇದು ಶಾಖವನ್ನು 10 ವರ್ಷ, 1 ತಿಂಗಳು, 6 ಗಂಟೆ ಹರಿಯುವ ಮೂರು ಪಾಲು ಮಾಡುತ್ತದೆ. ನೆಲ 26 ಡಿಗ್ರಿ, ನೀರು ಸರಾಸರಿ 34.5 ಡಿಗ್ರಿ, ಆರೂವರೆ ಇಂಚಿನ ಬೋರ್, ಕಲ್ಲಿನ ಶಾಖವಾಹಕತೆ (ಶಾಖ ಸಾಗಿಸುವ ಸಾಮರ್ಥ್ಯ) ಮೀಟರಿಗೆ, ಡಿಗ್ರಿಗೆ 3 ವ್ಯಾಟ್ ಎಂದು ಹಿಡಿದಾಗ ಸುಮಾರು 1,150 ಮೀಟರ್ ಬಂತು. ಅಕ್ಕಪಕ್ಕದ ಬೋರ್‌ಗಳು ಪರಸ್ಪರ ಒಂದು ಡಿಗ್ರಿ ಬಿಸಿ ಮಾಡುತ್ತವೆಂದು ಸೇರಿಸಿದರೆ 1,300. ಗಮನಿಸಬೇಕಾದ್ದು ಇನ್ನೊಂದಿದೆ: ಆ 1,150ರಲ್ಲಿ 500ಕ್ಕೂ ಹೆಚ್ಚು ಮೀಟರ್ ನೀರಿನಿಂದ ಕಲ್ಲಿಗೆ ಶಾಖ ದಾಟಲು ಬೋರಿನೊಳಗೇ ಇರುವ ತಡೆಗೆ ಹೋಗುತ್ತದೆ. ಸ್ವೀಡನ್ನಿನಲ್ಲಿ ಪೈಪಿನ ಸುತ್ತ ಅಂತರ್ಜಲ ನಿಂತಿರುತ್ತದೆ, ಗ್ರೌಟ್ (ಬೋರಿನ ಖಾಲಿ ಜಾಗಕ್ಕೆ ತುಂಬುವ ಗಾರೆ) ಇಲ್ಲದೆಯೂ ನಡೆಯುತ್ತದೆ. ನಮ್ಮ ನೀರಿನ ಮಟ್ಟ ಪಾತಾಳಕ್ಕಿಳಿದಿರುವ ಬಡಾವಣೆಗಳಲ್ಲಿ ಪೈಪಿಗೂ ಕಲ್ಲಿಗೂ ನಡುವೆ ಉಳಿಯುವುದು ಗಾಳಿ. ಲಾಲ್‌ಬಾಗ್ ಬಂಡೆಯಂಥ ಒಳ್ಳೆಯ ನೈಸ್ ಶಿಲೆ ಕೆಳಗಿದ್ದೂ ಉಪಯೋಗವಿಲ್ಲ. ತಳದಿಂದ ಮೇಲಿನವರೆಗೆ ಬೆಂಟೊನೈಟ್ ಜೇಡಿಮಣ್ಣಿನ ಗ್ರೌಟ್ ತುಂಬಿಸಲೇಬೇಕು. ನೀರಿನ ಬೋರ್ ಕೊರೆದೇ ಅಭ್ಯಾಸವಾದ ರಿಗ್‌ನವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಮೂರನೆಯದು ಸಂಶೋಧಕ ಎಸ್ಕಿಲ್ಸನ್ 1987ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಮಂಡಿಸಿದ ಜಿ-ಫಂಕ್ಷನ್, ಅಂದರೆ ಬೋರ್‌ಗಳ ಗುಂಪು ಕಾಲ ಕಳೆದಂತೆ ಎಷ್ಟು ಬಿಸಿಯಾಗುತ್ತದೆಂದು ಹೇಳುವ ಸೂತ್ರ. ಇದಕ್ಕೆ ‘ಪೈಜಿಫಂಕ್ಷನ್’ ಎಂಬ ಉಚಿತ ತಂತ್ರಾಂಶ ಸಾಕು. ಉತ್ತರ ಆಶ್ರೇಯ ಹತ್ತಿರವೇ ಬಂತು, ಸಮಯ ಮಾತ್ರ ಜಾಸ್ತಿ ಹಿಡಿಯಿತು. ಆದರೆ ನೆಲ ವರ್ಷದಿಂದ ವರ್ಷಕ್ಕೆ ಹೇಗೆ ಕಾಯುತ್ತದೆಂದು ತಿಂಗಳುವಾರು ತೋರಿಸುವುದು ಇದೊಂದೇ. ವರ್ಷದ ಶಾಖದಲ್ಲಿ ಅರ್ಧವನ್ನು ರಾತ್ರಿಯ ತಂಪಿನಲ್ಲಿ ಡ್ರೈ ಕೂಲರ್ (ನೀರಿನ ಶಾಖವನ್ನು ಫ್ಯಾನಿನಿಂದ ಗಾಳಿಗೆ ಬಿಡುವ ಯಂತ್ರ) ಹೊರಹಾಕಿದರೆ 1,300 ಮೀಟರ್ ಮತ್ತೆ 1,150ರ ಆಸುಪಾಸಿಗೆ ಇಳಿಯುತ್ತದೆ. ಬೆಂಗಳೂರಿನ ರಾತ್ರಿಗಳಿಗೆ ಇದು ಹೇಳಿ ಮಾಡಿಸಿದ ಏರ್ಪಾಡು.

ಹತ್ತು ಹನ್ನೆರಡು ಬೋರ್‌ಗಳ ಕೆಲಸಕ್ಕೆ ನನ್ನ ಆಯ್ಕೆ ಆಶ್ರೇ. ಆದರೆ ಮೊದಲ ಬೋರಿನಲ್ಲೇ 48 ಗಂಟೆ ಹೀಟರ್ ಓಡಿಸಿ ಕಲ್ಲಿನ ಶಾಖವಾಹಕತೆ ಅಳೆಯುವ ಥರ್ಮಲ್ ರೆಸ್ಪಾನ್ಸ್ ಟೆಸ್ಟ್ ಮಾಡಿಸಿ. ಶಾಖವಾಹಕತೆ 3ರ ಬದಲು 2 ಬಂದರೆ ಅದೇ 1,150 ಮೀಟರ್ 1,450 ಆಗುತ್ತದೆ. ಬೋರ್‌ಗಳು ಇದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಡ್ರೈ ಕೂಲರ್ ಜೋಡಿಸುವುದಿದ್ದರೆ ಜಿ-ಫಂಕ್ಷನ್‌ಗೇ ಹೋಗಿ.