ಹಣ್ಣು ಒಣಗಿಸುವ ಯಂತ್ರ: ಎರಡು ವರ್ಷ ಬಳಸಿದ ಮೇಲೆ

ಐದು ದುಂಡನೆ ಟ್ರೇ, ಅಡಿಯಲ್ಲಿ ಫ್ಯಾನ್ ಇರುವ ಡಿಹೈಡ್ರೇಟರ್ ನನ್ನದು. ಸೋಡಾ, ಐಸ್ ಟೀ ಮೇಲೆ ತೇಲಿಬಿಡುವ ಒಣ ಹಣ್ಣಿನ ಬಿಲ್ಲೆಗಳು ಮನೆಯಲ್ಲೇ ಆಗಲಿ ಅಂತ ಕೊಂಡೆ. ಬೇರೆ ಯಾವುದಕ್ಕೂ ಬಳಸಿಲ್ಲ.

ಮೊದಲು ಬೇಜಾರಿನ ಮಾತು. ಫ್ಯಾನ್ ಅಡಿಯಲ್ಲಿರುವುದರಿಂದ ಬಿಸಿ ಗಾಳಿಯೆಲ್ಲ ಕೆಳಗಿನ ಟ್ರೇಗೇ ಮೊದಲು. ಮೇಲೆ ಮುಟ್ಟುವ ಹೊತ್ತಿಗೆ ಅದು ತಣ್ಣಗಾಗಿ, ಕೆಳಗಿನ ಹಣ್ಣಿನ ತೇವವನ್ನೂ ಹೊತ್ತಿರುತ್ತದೆ. ಕೆಳಗಿನ ನಿಂಬೆ ಬಿಲ್ಲೆ ಗರಿಗರಿ, ಮೇಲಿನದು ಅಂಟಂಟು. ಎರಡು ಗಂಟೆಗೊಮ್ಮೆ ಟ್ರೇ ಅದಲುಬದಲು ಮಾಡಲೇಬೇಕು. ಅನಾನಸ್‌ಗೆ ಸುಮಾರು 14 ಗಂಟೆ ಬೇಕು. ರಾತ್ರಿ ಇಟ್ಟು ಮಲಗಬಹುದು ಅಂತ ನಂಬಿ ಕೊಂಡವಳಿಗೆ ಇದು ಸಣ್ಣ ಕಾಟ ಅಲ್ಲ.

ಒಮ್ಮೆ ಅವಸರಕ್ಕೆ 70 ಡಿಗ್ರಿಗೆ ಏರಿಸಿದೆ. ಹೊರಮೈ ಬಿಗಿದುಕೊಂಡು ಒಳಗಿನ ನೀರು ಒಳಗೇ ಉಳಿಯಿತು. ಮುಟ್ಟಿದರೆ ಒಣಗಿದ ಹಾಗೇ ಇತ್ತು, ಡಬ್ಬಿಗೆ ತುಂಬಿದೆ. ವಾರದಲ್ಲಿ ಬೂಷ್ಟು. ಪೂರ್ತಿ ಡಬ್ಬಿ ಚೆಲ್ಲುವಾಗ ಹೊಟ್ಟೆ ಉರಿಯಿತು. ಆಮೇಲೆ 57 ಡಿಗ್ರಿ ದಾಟಿಸಿಲ್ಲ.

ಯಂತ್ರವನ್ನು ಮಾರಿಬಿಡೋಣ ಅಂತಲೂ ಅನಿಸಿತ್ತು. ಮನಸ್ಸು ಬದಲಾಯಿಸಿದ್ದು ಅನಾನಸ್. ಸಿಪ್ಪೆ ತೆಗೆದು, ಕಣ್ಣುಗಳನ್ನೆಲ್ಲ ಕಿತ್ತು, ಆಚೆ ಬೆಳಕು ಕಾಣುವಷ್ಟು ತೆಳ್ಳಗೆ ಬಿಲ್ಲೆ ಮಾಡುತ್ತೇನೆ. ಬಟ್ಟೆಯಲ್ಲಿ ಒತ್ತಿ ರಸ ತೆಗೆದು ಟ್ರೇಗೆ ಹರಡುತ್ತೇನೆ. ಅರ್ಧ ಒಣಗಿ ಇನ್ನೂ ಬಾಗುವಾಗ ಚಿಕ್ಕ ಬಟ್ಟಲೊಳಗೆ ಕೂರಿಸಿ ಮತ್ತೆ ಒಣಗಿಸಿದರೆ ಅಂಚು ಸುಕ್ಕುಗಟ್ಟಿ ಮೇಲೇಳುತ್ತದೆ. ಕಣ್ಣು ಕಿತ್ತ ಜಾಗವೇ ಎಸಳುಗಳ ನಡುವಿನ ಸಂದು. ಥೇಟ್ ಹಳದಿ ಹೂವು! ಬಿಸಿಯಿರುವಾಗಲೇ ಬಿಡಿಸಿಕೊಳ್ಳಬೇಕು, ತಣಿದರೆ ಸಕ್ಕರೆ ಅಂಟಿಕೊಂಡು ಎಸಳು ಮುರಿಯುತ್ತದೆ.

ಒಣಗಿದೆಯಾ ಅಂತ ಬಿಸಿಯಲ್ಲಿ ತಿಳಿಯುವುದಿಲ್ಲ, ಆಗ ಎಲ್ಲವೂ ಮೆತ್ತಗೇ. ಒಂದನ್ನು ಹೊರಗಿಟ್ಟು ಐದು ನಿಮಿಷ ಬಿಟ್ಟು ಮುರಿದು ನೋಡುತ್ತೇನೆ. ಟಕ್ ಅಂದರೆ ಸರಿ. ಗಾಜಿನ ಡಬ್ಬಿಗೆ ಮುಕ್ಕಾಲು ಭಾಗಕ್ಕಿಂತ ಕಡಿಮೆ ತುಂಬಿ, ಒಂದು ವಾರ ದಿನಾ ಬೆಳಗ್ಗೆ ಅಲ್ಲಾಡಿಸುತ್ತೇನೆ. ಒಳಗೋಡೆಯಲ್ಲಿ ಒಂದು ಹನಿ ಕಂಡರೂ ಎಲ್ಲ ವಾಪಸ್ ಟ್ರೇಗೆ. ಆ ಗಲಗಲ ಸದ್ದು ಕೇಳದೆ ಈಗ ಬೆಳಗಾಗುವುದಿಲ್ಲ.

ಕೆಂಪು ತಿರುಳಿನ ಡ್ರ್ಯಾಗನ್ ಫ್ರೂಟ್ ಇನ್ನೂ ಚೆಂದ. ಸೋಡಾಕ್ಕೆ ಬಿಟ್ಟ ಕೂಡಲೇ ಬಿಲ್ಲೆಯ ಸುತ್ತ ಗುಲಾಬಿ ಎಳೆಗಳು ಇಳಿಯತೊಡಗುತ್ತವೆ. ಬೆಳಕಿಗೆ ಬಣ್ಣ ಮಾಸುತ್ತದೆ, ಕಪಾಟಿನೊಳಗೇ ಇಡಿ. ನಿಂಬೆ ಬಿಲ್ಲೆಯನ್ನು ಜಾಸ್ತಿ ಹೊತ್ತು ಗ್ಲಾಸಿನಲ್ಲಿ ಬಿಡಬೇಡಿ, ಕಹಿ ಬಿಡುತ್ತದೆ. ಸ್ಟಾರ್ ಫ್ರೂಟ್ ನಕ್ಷತ್ರ ನೋಡಲು ಮುದ್ದಾಗಿದ್ದರೂ ಕಿಡ್ನಿ ತೊಂದರೆ ಇರುವವರಿಗೆ ಅದು ವಿಷ. ಕೇಳದೆ ಯಾರ ಗ್ಲಾಸಿಗೂ ಹಾಕುವುದಿಲ್ಲ.

ಈಗ ಕೆಳಗಿನ ಎರಡೇ ಟ್ರೇ ಬಳಸುತ್ತೇನೆ. ನಡುವೆ ಒಮ್ಮೆ ಬದಲಿಸಿದರೆ ಸಾಕು, ರಾತ್ರಿ ಏಳುವ ಕೆಲಸ ತಪ್ಪಿತು. ಇಬ್ಬರು ಮೂವರಿರುವ ಮನೆಗೆ ಅಷ್ಟೇ ಧಾರಾಳ. ಒಂದೇ ಸಲಕ್ಕೆ ರಾಶಿ ಒಣಗಿಸುವವರು ಸ್ವಲ್ಪ ಕಾದು, ಇನ್ನಷ್ಟು ದುಡ್ಡು ಕೂಡಿಸಿ, ಹಿಂಬದಿಗೆ ಫ್ಯಾನ್ ಇರುವುದನ್ನೇ ತೆಗೆದುಕೊಳ್ಳಿ.