ಮೈಓಷನ್ ನಕ್ಷೆ: ಗದಗಿನ ತರಗತಿಯಲ್ಲಿ ಸಮುದ್ರದ ಏರುತಗ್ಗು

ಗದಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಭೂಗೋಳದ ಪಾಠಕ್ಕೆ, ಸಮುದ್ರದ ಮಾಹಿತಿ ಕೊಡುವ ಯುರೋಪಿನ ಕೋಪರ್ನಿಕಸ್ ಮರೀನ್ ಸೇವೆಯ ‘ಮೈಓಷನ್’ ಎಂಬ ಆನ್‌ಲೈನ್ ನಕ್ಷೆಯನ್ನು ಬಳಸುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ. ನೋಡುವುದಕ್ಕಷ್ಟೇ ಆದರೆ ಖಾತೆಯೂ ಬೇಡ. ನೀರಿನ ಬಿಸಿ, ಉಪ್ಪು, ಅಲೆ ಹೀಗೆ ಪದರಗಳು ಬೇಕಾದಷ್ಟಿವೆ. ನನಗೆ ಜಾಸ್ತಿ ಇಷ್ಟವಾದದ್ದು ಸಮುದ್ರ ಮಟ್ಟದ ಪದರ.

“ಅಕ್ಕೋರೇ, ನೀರು ಎಲ್ಲಾ ಕಡೆ ಒಂದೇ ಮಟ್ಟ ಇರ್ತದಲ್ರೀ?” ಎಂದು ಒಬ್ಬ ಹುಡುಗ ಕೇಳಿದ. ಎಷ್ಟು ಒಳ್ಳೆಯ ಪ್ರಶ್ನೆ! ಇರುವುದಿಲ್ಲ. ಬಿಸಿ ನೀರು ಹಿಗ್ಗುತ್ತದೆ, ಅಲ್ಲಿ ಸಮುದ್ರ ಉಬ್ಬುತ್ತದೆ. ಗಾಳಿಯೂ ನೀರನ್ನು ಒಂದು ಕಡೆಗೆ ತಳ್ಳುತ್ತದೆ. ಈ ಏರುತಗ್ಗನ್ನು ಅಳೆಯುವುದು ಉಪಗ್ರಹಗಳು. ಸೆಂಟಿನೆಲ್-6 ಮೈಕಲ್ ಫ್ರೈಲಿಕ್ ಎಂಬ ಉಪಗ್ರಹ 1,336 ಕಿ.ಮೀ. ಎತ್ತರದಿಂದ ರೇಡಾರ್ ಅಲೆ ಬಿಡುತ್ತದೆ. ಅದು ನೀರಿಗೆ ತಾಗಿ ವಾಪಸ್ ಬರಲು ಹಿಡಿಯುವ ಸಮಯದಿಂದ ದೂರ ಗೊತ್ತಾಗುತ್ತದೆ. ಉಪಗ್ರಹದ ಎತ್ತರದಲ್ಲಿ ಆ ದೂರವನ್ನು ಕಳೆದರೆ ನೀರಿನ ಮಟ್ಟ ಸಿಗುತ್ತದೆ. ಗಾಳಿಯ ತೇವದಿಂದ ಅಲೆ ತುಸು ತಡವಾಗುತ್ತದೆ, ಅದನ್ನೂ ಅಳೆದು ಸರಿಪಡಿಸುತ್ತಾರೆ. ಅಷ್ಟು ಮೇಲಿನಿಂದ ಅಳೆದರೂ ತಪ್ಪು ಕೆಲವೇ ಸೆಂಟಿಮೀಟರ್. 2013ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಹೋದ ‘ಸರಳ್’, ಅಂದರೆ ಇಸ್ರೊ ಮತ್ತು ಫ್ರಾನ್ಸ್ ಸೇರಿ ಮಾಡಿದ ಉಪಗ್ರಹ, ಅದರ ಅಳತೆಯೂ ಈ ನಕ್ಷೆಗೆ ಸೇರಿದೆ. ಇದನ್ನು ಹೇಳಿದಾಗ ಮಕ್ಕಳು ನೆಟ್ಟಗೆ ಕೂತರು.

ಸಮುದ್ರವೇ ಕಾಣದ ಗದಗಿಗೆ ಇದು ಯಾಕೆ? 2023ನ್ನು ನೆನೆಸಿಕೊಳ್ಳಿ. ಮುಂಗಾರಿ ಕೈಕೊಟ್ಟಿತು. ದೇಶದ ಮಟ್ಟಿಗೆ 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ಆ ವರ್ಷದ ನಕ್ಷೆ ತೆರೆದು ಪೆಸಿಫಿಕ್ ಕಡೆ ನೋಡಿ. ದಕ್ಷಿಣ ಅಮೆರಿಕದ ದಂಡೆಯತ್ತ, ಸಮಭಾಜಕದ ಉದ್ದಕ್ಕೂ ನೀರು ಉಬ್ಬಿದ್ದು ಎದ್ದು ಕಾಣುತ್ತದೆ. ಅದೇ ಎಲ್ ನಿನೊ. ಪೆಸಿಫಿಕ್ ನೀರು ಹೀಗೆ ಬಿಸಿಯಾದ ವರ್ಷ ನಮ್ಮ ಮುಂಗಾರು ಸೊರಗುವುದುಂಟು. ಉಪಗ್ರಹ ಅಳೆದ ಬಿಸಿಯ ಪದರ ತೋರಿಸುವುದು ಮೇಲ್ಮೈಯನ್ನು ಮಾತ್ರ. ಮಟ್ಟದ ಪದರದಲ್ಲಿ ಆಳದಲ್ಲಿ ತುಂಬಿಕೊಂಡ ಬಿಸಿಯ ಗುರುತೂ ಸಿಗುತ್ತದೆ. ನಾನು ಇದನ್ನೇ ಮೊದಲು ತೆರೆಯುವುದು ಅದಕ್ಕೇ.

ಹಾಗಂತ ಇದನ್ನು ನೋಡಿ ಹೆಸರು, ಶೇಂಗಾ ಬಿತ್ತನೆ ನಿರ್ಧರಿಸಬೇಡಿ. 1997ರಲ್ಲಿ ಎಲ್ ನಿನೊ ಬಲು ಜೋರಾಗಿತ್ತು, ಆದರೂ ದೇಶದ ಮುಂಗಾರು ಸರಾಸರಿಯ ಹತ್ತಿರವೇ ಇತ್ತು. ನಮ್ಮ ಮಾವನವರಿಗೂ ಇದನ್ನೇ ಹೇಳಿದ್ದೇನೆ. ಬಿತ್ತನೆಗೆ ಹವಾಮಾನ ಇಲಾಖೆಯ ಮುನ್ಸೂಚನೆ ಇದೆಯಲ್ಲ.

ಇನ್ನೆರಡು ವಿಷಯ ಗೊತ್ತಿರಲಿ. ನಕ್ಷೆ ಪೂರ್ತಿ ತುಂಬಿದಂತೆ ಕಂಡರೂ ಇಂಥ ಉಪಗ್ರಹಗಳು ಅಳೆಯುವುದು ತಮ್ಮ ನೇರ ಕೆಳಗಿನ ಗೆರೆಯನ್ನು ಮಾತ್ರ. ನಡುವಿನ ಜಾಗ ಲೆಕ್ಕ ಹಾಕಿ ತುಂಬಿದ್ದು. 2022ರ ಡಿಸೆಂಬರ್‌ನಲ್ಲಿ ಹೋದ ಸ್ವಾಟ್ ಉಪಗ್ರಹ ಸುಮಾರು 120 ಕಿ.ಮೀ. ಅಗಲದ ಪಟ್ಟಿಯನ್ನೇ ನೋಡುತ್ತದೆ, ಅದೊಂದು ದೊಡ್ಡ ಹೆಜ್ಜೆ. ಎರಡನೆಯದು, ಈ ಪದರ ಮಟ್ಟವನ್ನು ಹೋಲಿಸುವುದು 1993ರಿಂದ 2012ರ ಸರಾಸರಿಯ ಜೊತೆ. ಹಾಗಾಗಿ ಈಚಿನ ಯಾವ ದಿನ ತೆಗೆದರೂ ಹೆಚ್ಚಿನ ಕಡೆ ಮಟ್ಟ ಮೇಲೆಯೇ ಇರುತ್ತದೆ. 1993ರಿಂದ ಜಗತ್ತಿನ ಸಮುದ್ರ ಮಟ್ಟ ಸರಾಸರಿ ಸುಮಾರು 10 ಸೆಂ.ಮೀ. ಏರಿದೆ. ಇದನ್ನು ಮೊದಲೇ ಹೇಳದಿದ್ದರೆ ಮಕ್ಕಳು ಎಲ್ಲವನ್ನೂ ಎಲ್ ನಿನೊ ಅಂದುಕೊಳ್ಳುತ್ತಾರೆ.

ಕನ್ನಡ ಇಲ್ಲ. ಪದರಗಳ ಹೆಸರನ್ನು ನಾನೇ ಬೋರ್ಡಿನ ಮೇಲೆ ಬರೆದುಕೊಡುತ್ತೇನೆ. ಫೋನಿಗಿಂತ ಕಂಪ್ಯೂಟರ್ ಪರದೆ ಒಳ್ಳೆಯದು. ಇಷ್ಟಾದರೂ ಭೂಗೋಳ ಹೇಳಿಕೊಡುವ ಎಲ್ಲರಿಗೂ ಇದನ್ನು ಬಳಸಿ ಎಂದೇ ಹೇಳುತ್ತೇನೆ.

ಶುರು ಮಾಡುವವರು 1997ರ ನವೆಂಬರ್ ಮತ್ತು 2023ರ ನವೆಂಬರ್ ಎರಡನ್ನೂ ತೆರೆದು ಹೋಲಿಸಿ. ಆಮೇಲೆ ಅರಬ್ಬಿ ಸಮುದ್ರದಲ್ಲಿ ಒಂದು ಜಾಗ ಒತ್ತಿ, ವರ್ಷಗಳ ಗ್ರಾಫ್ ಬರುತ್ತದೆ. ಕಾರವಾರದ ದಂಡೆಗೆ ಅಂಟಿಕೊಂಡ ಜಾಗ ಬೇಡ. ನೆಲದಿಂದ ವಾಪಸ್ ಬರುವ ರೇಡಾರ್ ಅಲೆ ಬೆರೆತು ಅಳತೆ ಕೆಡುತ್ತದೆ. ಸ್ವಲ್ಪ ಒಳಗೆ, ನಡು ಸಮುದ್ರದ ಕಡೆ ಒತ್ತಿ.